ಲೆಕ್ಕಕ್ಕಿಲ್ಲದ ಪಂದ್ಯಗಳ ಕಾಲ

ಫೆಬ್ರುವರಿ ನಡುಭಾಗಕ್ಕೆ ಬರುತ್ತಿದ್ದಂತೆ ಅಮೆರಿಕದ ಪತ್ರಿಕೆಗಳ ಕ್ರೀಡಾಪುಟದಲ್ಲಿ ವರ್ಷವರ್ಷವೂ ತಪ್ಪದೆ ಒಂದು ಪುಟ್ಟ ಸುದ್ದಿ ಅಚ್ಚಾಗುತ್ತದೆ: ಪಿಚರ್‌ಗಳು ಮತ್ತು ಕ್ಯಾಚರ್‌ಗಳು ಶಿಬಿರಕ್ಕೆ ಹಾಜರಾದರು. ಅದರಲ್ಲಿ ಗೆದ್ದವರಿಲ್ಲ, ಸೋತವರಿಲ್ಲ, ದಾಖಲೆ ಮುರಿದವರೂ ಇಲ್ಲ. ಕೆಲಸಕ್ಕೆ ಬರಬೇಕಾದವರು ಕೆಲಸಕ್ಕೆ ಬಂದರು ಎಂಬುದಷ್ಟೇ ಸಮಾಚಾರ. ಆದರೂ ಈ ಒಂದು ವಾಕ್ಯಕ್ಕಾಗಿ ನವೆಂಬರ್‌ನಿಂದ ಕಾದು ಕುಳಿತವರು ಲಕ್ಷಾಂತರ ಮಂದಿ. ಸಿಯಾಟಲ್‌ನ ಬಿಡದ ಜಡಿಮಳೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲಗಳನ್ನು ಕಳೆದಿರುವ ನಾನೂ ಅವರಲ್ಲೊಬ್ಬ.

ಕ್ರಿಕೆಟ್ಟಿನ ನಾಡಿನಲ್ಲಿರುವ ಓದುಗರಿಗೆ ಇದನ್ನು ಕೊಂಚ ಬಿಡಿಸಿ ಹೇಳಬೇಕು. ಬೇಸ್‌ಬಾಲ್‌ನ ಪ್ರಥಮ ದರ್ಜೆಯ ಲೀಗ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿಯೊಂದು ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯವೆಂದೇ ಇಟ್ಟುಕೊಳ್ಳಿ. ಈ ಸುದೀರ್ಘ ಋತುವಿಗೆ ಮುನ್ನ ಸುಮಾರು ಆರು ವಾರಗಳ ಕಾಲ ತಂಡಗಳೆಲ್ಲ ತಮ್ಮ ಊರಿನ ಚಳಿಯನ್ನು ಬಿಟ್ಟು ಬಿಸಿಲನ್ನು ಅರಸಿ ಹೊರಡುತ್ತವೆ. 15 ತಂಡಗಳು ಅರಿಜೋನಾದ ಮರುಭೂಮಿಗೆ, ಉಳಿದ 15 ಫ್ಲಾರಿಡಾದ ಕಡಲತಡಿಗೆ. ಸ್ಪ್ರಿಂಗ್ ಟ್ರೈನಿಂಗ್ ಎಂದು ಕರೆಯಲಾಗುವ ಈ ಅವಧಿಗೆ ಕನ್ನಡದಲ್ಲಿ ವಸಂತ ತಾಲೀಮು ಎನ್ನಬಹುದು. ಚೆಂಡೆಸೆಯುವ ಪಿಚರ್‌ನ ತೋಳು ಹದಕ್ಕೆ ಬರಲು ಹೆಚ್ಚು ದಿನ ಬೇಕಾದ್ದರಿಂದ, ಪಿಚರ್‌ಗಳೂ ಅವರ ಎಸೆತವನ್ನು ಹಿಡಿಯುವ ಕ್ಯಾಚರ್‌ಗಳೂ ಉಳಿದವರಿಗಿಂತ ಕೆಲವು ದಿನ ಮೊದಲೇ ಬರುತ್ತಾರೆ. ಆ ಪುಟ್ಟ ಸುದ್ದಿಯ ಹಿನ್ನೆಲೆ ಇದು.

ತಾಲೀಮಿನ ಅವಧಿಯಲ್ಲಿ ಪ್ರತಿ ತಂಡ ಸುಮಾರು 30 ಅಭ್ಯಾಸ ಪಂದ್ಯಗಳನ್ನು ಆಡುತ್ತದೆ. ಅಂಕಪಟ್ಟಿಯಲ್ಲಿ ಇವುಗಳಿಗೆ ಸ್ಥಾನವಿಲ್ಲ. ಹೊಡೆದ ಹೋಮ್‌ರನ್ ಆಟಗಾರನ ಲೆಕ್ಕಕ್ಕೆ ಸೇರುವುದಿಲ್ಲ, ಬಿಟ್ಟ ಕ್ಯಾಚು ತಂಡದ ಲೆಕ್ಕಕ್ಕೆ ಹತ್ತುವುದಿಲ್ಲ. ಋತುವಿನ ಪಂದ್ಯ ಸಮವಾದರೆ ಯಾರಾದರೊಬ್ಬರು ಗೆಲ್ಲುವವರೆಗೂ ಆಡಲೇಬೇಕು. ವಸಂತದ ಪಂದ್ಯ ಸಮವಾದರೆ ಎಲ್ಲರೂ ಕೈಕುಲುಕಿ ಊಟಕ್ಕೆ ಹೊರಡುತ್ತಾರೆ. 2023ರ ಫೆಬ್ರುವರಿಯಲ್ಲಿ ಅಟ್ಲಾಂಟಾ ಮತ್ತು ಬಾಸ್ಟನ್ ತಂಡಗಳ ನಡುವಿನ ಪಂದ್ಯವೊಂದು ಕೊನೆಯ ಇನಿಂಗ್ಸ್‌ನಲ್ಲಿ 6-6ರ ಸಮಬಲದಲ್ಲಿತ್ತು. ಮೂರು ಬೇಸ್‌ಗಳೂ ಭರ್ತಿಯಾಗಿ ಕುತೂಹಲ ತುದಿ ಮುಟ್ಟಿದ್ದಾಗ, ಆ ವರ್ಷವಷ್ಟೇ ಜಾರಿಗೆ ಬಂದಿದ್ದ ಗಡಿಯಾರದ ನಿಯಮದಂತೆ ಬ್ಯಾಟುಗಾರ ಸಕಾಲಕ್ಕೆ ಸಿದ್ಧನಾಗಲಿಲ್ಲವೆಂದು ಅಂಪೈರ್ ಔಟ್ ಕೊಟ್ಟುಬಿಟ್ಟರು. ಪಂದ್ಯ ಅಲ್ಲಿಗೇ ಮುಗಿಯಿತು. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಲೆಕ್ಕಕ್ಕಿಲ್ಲದ ಆಟದ ಸೌಕರ್ಯವೇ ಅದು.

ಹಾಗಾದರೆ ಲೆಕ್ಕಕ್ಕಿಲ್ಲದ ಆಟವನ್ನು ನೋಡಲು ಜನ ವಿಮಾನದ ಟಿಕೆಟ್ ಕೊಂಡು ಸಾವಿರಾರು ಮೈಲಿ ಹೋಗುವುದೇಕೆ? ಗೆಲ್ಲುವ ಸಾಧ್ಯತೆ ಎಷ್ಟು ಕಡಿಮೆಯೆಂದು ಚೆನ್ನಾಗಿ ಬಲ್ಲವನೂ ಫೆಬ್ರುವರಿ ಬಂತೆಂದರೆ ಹುರುಪುಗೊಳ್ಳುವುದೇಕೆ?

ಬಿಸಿನೀರಿನ ಬುಗ್ಗೆಯಿಂದ ಬಿಸಿಲಿನ ಬಯಲಿಗೆ

ಈ ಪದ್ಧತಿಯ ಮೂಲದಲ್ಲಿ ಯಾವ ಕಾವ್ಯವೂ ಇಲ್ಲ. 1886ರಲ್ಲಿ ಷಿಕಾಗೊ ತಂಡದ ನಾಯಕ ಕ್ಯಾಪ್ ಆ್ಯನ್ಸನ್ ತನ್ನ ಆಟಗಾರರನ್ನು ಆರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಕರೆದೊಯ್ದ. ಚಳಿಗಾಲವಿಡೀ ತಿಂದು ಕುಡಿದು ಬೆಳೆಸಿದ ಬೊಜ್ಜನ್ನೂ ಬಿಯರನ್ನೂ ಬೆವರಿನಲ್ಲಿ ಹರಿಸಿಬಿಡುವುದು ಅವನ ಉದ್ದೇಶವಾಗಿತ್ತು. ಫ್ಲಾರಿಡಾದ ಪಂದ್ಯಗಳಿಗೆ ಗ್ರೇಪ್‌ಫ್ರೂಟ್ ಲೀಗ್ ಎಂಬ ಹೆಸರು ಬಂದ ಕಥೆಯಂತೂ ಇನ್ನೂ ತಮಾಷೆಯದು. 1915ರ ವಸಂತದಲ್ಲಿ ಬ್ರೂಕ್ಲಿನ್ ತಂಡದ ಮ್ಯಾನೇಜರ್ ವಿಲ್ಬರ್ಟ್ ರಾಬಿನ್‌ಸನ್, ವಿಮಾನದಿಂದ ಬೀಳಿಸಿದ ಚೆಂಡನ್ನು ತಾನು ಹಿಡಿಯಬಲ್ಲೆನೆಂದು ಡೇಟೋನಾ ಬೀಚ್‌ನಲ್ಲಿ ಪಣತೊಟ್ಟು ನಿಂತ. ವೈಮಾನಿಕಳಾಗಿದ್ದ ರೂತ್ ಲಾ ಮೇಲಿನಿಂದ ಬೀಳಿಸಿದ್ದು ಚೆಂಡನ್ನಲ್ಲ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣನ್ನು. ಅದು ಎದೆಗೆ ಬಡಿದು ಒಡೆದು ರಸ ಹರಿದಾಗ, ತನ್ನ ರಕ್ತವೇ ಹರಿಯುತ್ತಿದೆಯೆಂದು ಆತ ಕೂಗಿಕೊಂಡನಂತೆ. ಅರಿಜೋನಾದ ಲೀಗಿಗೆ ಅಲ್ಲಿನ ಕಳ್ಳಿಗಿಡದ ಹೆಸರು: ಕ್ಯಾಕ್ಟಸ್ ಲೀಗ್.

ನನ್ನ ತಂಡವಾದ ಸಿಯಾಟಲ್ ಮ್ಯಾರಿನರ್ಸ್‌ನ ಬಿಡಾರ ಫೀನಿಕ್ಸ್ ನಗರದ ಅಂಚಿನ ಪಿಯೋರಿಯಾದಲ್ಲಿದೆ. 1994ರಿಂದ ಸ್ಯಾನ್ ಡಿಯೇಗೊ ತಂಡದೊಂದಿಗೆ ಹಂಚಿಕೊಂಡಿರುವ ಈ ಕ್ರೀಡಾಸಂಕೀರ್ಣವು ಎರಡು ತಂಡಗಳು ಕೂಡಿ ಬಳಸುವಂತೆ ಕಟ್ಟಿದ ಮೊದಲನೆಯದು. ಮುಖ್ಯ ಮೈದಾನದ ಹಿಂದೆ ಅಭ್ಯಾಸದ ಬಯಲುಗಳು ಒಂದರ ಪಕ್ಕ ಒಂದು ಹರಡಿಕೊಂಡಿವೆ. ಮುಂಜಾನೆ ಹೋದರೆ ತಂತಿಬೇಲಿಯ ಈಚೆ ನಿಂತು, ಕೋಟಿಗಟ್ಟಲೆ ಸಂಬಳದ ಆಟಗಾರ ಹೊಸಬನಂತೆ ನೆಲದುರುಳುವ ಚೆಂಡನ್ನು ಮತ್ತೆಮತ್ತೆ ಬಾಗಿ ಎತ್ತುವುದನ್ನು ನೋಡಬಹುದು. ಹತ್ತು ಮಂದಿ ಪಿಚರ್‌ಗಳು ಸಾಲಾಗಿ ನಿಂತು ಎಸೆಯುವಾಗ ಚೆಂಡು ಚರ್ಮದ ಗವಸಿಗೆ ಬಡಿಯುವ ಸದ್ದು ಒನಕೆಯಲ್ಲಿ ಭತ್ತ ಕುಟ್ಟುವಂತೆ ಕೇಳುತ್ತದೆ. ಮಧ್ಯಾಹ್ನ ಪಂದ್ಯ. ಮೈದಾನದಾಚೆಯ ಹುಲ್ಲಿನ ದಿಬ್ಬದ ಮೇಲೆ ಸಂಸಾರಗಳು ಜಮಖಾನ ಹಾಸಿ ಕೂರುತ್ತವೆ. 2001ರಲ್ಲಿ ಜಪಾನಿನಿಂದ ಬಂದು ಈ ತಂಡದ ಕಣ್ಮಣಿಯಾದ ಇಚಿರೊ ಸುಜುಕಿ, ನಿವೃತ್ತಿಯ ನಂತರವೂ ವಸಂತದಲ್ಲಿ ಅದೇ ಸಮವಸ್ತ್ರ ತೊಟ್ಟು ಹುಡುಗರ ಜತೆ ಓಡುವುದನ್ನು ನಾನು ಇಲ್ಲಿ ಕಂಡಿದ್ದೇನೆ. 2025ರಲ್ಲಿ ಅವರು ಬೇಸ್‌ಬಾಲ್‌ನ ಕೀರ್ತಿಮಂದಿರವನ್ನು ಸೇರಿದಾಗ 394 ಮತಗಳಲ್ಲಿ 393 ಅವರಿಗೆ ಬಿದ್ದಿದ್ದವು.

ಎಂಟು ಔಟ್‌ಗಳ ದೂರ

ನಾನು ಬೆಂಗಳೂರು ಬಿಟ್ಟು ಸಿಯಾಟಲ್ ಸೇರಿದ್ದೂ 2001ರಲ್ಲಿಯೇ. ಆ ವರ್ಷ ಮ್ಯಾರಿನರ್ಸ್ 162ರಲ್ಲಿ 116 ಪಂದ್ಯ ಗೆದ್ದು, 1906ರಲ್ಲಿ ಷಿಕಾಗೊ ಕಬ್ಸ್ ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿತು. ಊರಿನ ಬಸ್ಸಿನಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಗೆ ಮೊದಲೇ ನ್ಯೂಯಾರ್ಕ್ ಯಾಂಕೀಸ್ ಎದುರು ತಂಡ ಸೋತಿತು. ಅಲ್ಲಿಂದಾಚೆಗೆ, 2002ರಿಂದ 2021ರವರೆಗೆ, ಸತತ 20 ಋತುಗಳಲ್ಲಿ ಒಮ್ಮೆಯೂ ಅದು ಪ್ಲೇಆಫ್ ಹಂತ ತಲುಪಲಿಲ್ಲ. ಅಮೆರಿಕದ ನಾಲ್ಕು ದೊಡ್ಡ ವೃತ್ತಿಪರ ಕ್ರೀಡೆಗಳಲ್ಲಿ ಆ ಹೊತ್ತಿಗೆ ಅಷ್ಟು ದೀರ್ಘ ಬರಗಾಲ ಇನ್ನಾವ ತಂಡಕ್ಕೂ ಇರಲಿಲ್ಲ.

ಬರ ಮುರಿದದ್ದು 2022ರಲ್ಲಿ. 2025ರಲ್ಲಂತೂ ಮಳೆ ಸುರಿಯಿತೆನ್ನಬೇಕು. ಕ್ಯಾಚರ್ ಕ್ಯಾಲ್ ರ‍್ಯಾಲಿ 60 ಹೋಮ್‌ರನ್ ಹೊಡೆದರು. ಇಡೀ ಪಂದ್ಯ ಮಂಡಿಯೂರಿ ಕೂತು ಏಳುವ ಕ್ಯಾಚರ್ ಒಬ್ಬರಿಂದ ಅಂಥದು ಹಿಂದೆಂದೂ ಆಗಿರಲಿಲ್ಲ. ಅದುವರೆಗಿನ ದಾಖಲೆ 48. ಡೆಟ್ರಾಯಿಟ್ ವಿರುದ್ಧದ ನಿರ್ಣಾಯಕ ಪಂದ್ಯವನ್ನು 15ನೇ ಇನಿಂಗ್ಸ್‌ನಲ್ಲಿ ಗೆದ್ದ ತಂಡ, ಟೊರಾಂಟೊ ವಿರುದ್ಧ ಏಳನೆಯ ಹಾಗೂ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಅಕ್ಟೋಬರ್ 20ರ ರಾತ್ರಿ. ಏಳನೇ ಇನಿಂಗ್ಸ್‌ನಲ್ಲಿ 3-1ರ ಮುನ್ನಡೆ. ವರ್ಲ್ಡ್ ಸೀರೀಸ್‌ಗೆ ಇನ್ನು ಎಂಟು ಔಟ್‌ಗಳ ದೂರ ಮಾತ್ರ. ಆಗ ಜಾರ್ಜ್ ಸ್ಪ್ರಿಂಗರ್ ಹೊಡೆದ ಚೆಂಡು ಎಡಗಡೆಯ ಗೋಡೆ ದಾಟಿ ಪ್ರೇಕ್ಷಕರ ನಡುವೆ ಬಿದ್ದು ಮೂರು ರನ್ ತಂದಿತು. ಪಂದ್ಯ 4-3ಕ್ಕೆ ಮುಗಿಯಿತು. 2025ರ ಋತು ಮುಗಿದಾಗ, 30 ತಂಡಗಳಲ್ಲಿ ವರ್ಲ್ಡ್ ಸೀರೀಸನ್ನು ಒಮ್ಮೆಯೂ ಆಡದೆ ಉಳಿದಿದ್ದ ತಂಡ ಮ್ಯಾರಿನರ್ಸ್ ಒಂದೇ.

ಆ ರಾತ್ರಿ ನಾನು ಪಕ್ಕದ ಮನೆಯ ಹಿರಿಯರೊಂದಿಗೆ ಕುಳಿತಿದ್ದೆ. ಎಂಬತ್ತು ದಾಟಿದ ಅವರು ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪೆನ್ಸಿಲ್ ಹಿಡಿದು ಸ್ಕೋರು ಬರೆಯುವ ಕ್ರಮವನ್ನು ನನಗೆ ಕಲಿಸಿದವರು ಅವರೇ. ಪಿಚರ್‌ಗೆ 1, ಕ್ಯಾಚರ್‌ಗೆ 2, ಶಾರ್ಟ್‌ಸ್ಟಾಪ್‌ಗೆ 6. ಹೀಗೆ ಪ್ರತಿ ಸ್ಥಾನಕ್ಕೂ ಒಂದು ಅಂಕಿ. 6-4-3 ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರೆಂಬುದು ವರ್ಷಗಳ ನಂತರವೂ ತಿಳಿಯುತ್ತದೆ. ರಣಜಿ ಪಂದ್ಯಗಳ ವೀಕ್ಷಕ ವಿವರಣೆಯನ್ನು ಆಕಾಶವಾಣಿಯಲ್ಲಿ ಕೇಳುತ್ತ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದ ನನಗೆ ಈ ವಿದ್ಯೆ ಬೇಗ ಹಿಡಿಸಿತು. ಸ್ಪ್ರಿಂಗರ್‌ನ ಹೊಡೆತವನ್ನೂ ಅವರು ಅಳುಕದೆ ತಮ್ಮ ಹಾಳೆಯಲ್ಲಿ ಗುರುತು ಹಾಕಿದರು. ಪಂದ್ಯ ಮುಗಿದ ಮೇಲೆ ಹಾಳೆ ಮಡಚಿಟ್ಟು, ಶಿಬಿರ ಶುರುವಾಗಲು ಇನ್ನೆಷ್ಟು ದಿನ ಎಂದು ಕೇಳಿದರು. ಲೆಕ್ಕ ಹಾಕಿದೆ, ನಾಲ್ಕು ತಿಂಗಳಿಗೂ ಕಡಿಮೆ. ಅಷ್ಟೇ ತಾನೇ ಎಂಬಂತೆ ತಲೆಯಾಡಿಸಿದರು. ಆ ವಯಸ್ಸಿನಲ್ಲಿ ನಾಲ್ಕು ತಿಂಗಳೆಂದರೆ ಏನೆಂಬುದನ್ನು ಅವರೂ ಬಲ್ಲರು, ನಾನೂ ಬಲ್ಲೆ. ಅದನ್ನು ಇಬ್ಬರೂ ಆಡಲಿಲ್ಲ.

ಪಂಚಾಂಗ ಶ್ರವಣ

ಬೇಸ್‌ಬಾಲ್ ಋತು ಆರಂಭವಾಗುವುದು ನಮ್ಮ ಯುಗಾದಿಯ ಆಸುಪಾಸಿನಲ್ಲಿ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ಮ್ಯಾರಿನರ್ಸ್‌ನ ಮೊದಲ ಪಂದ್ಯ ಮಾರ್ಚ್ 27ಕ್ಕೆ. ಯುಗಾದಿಯ ಸಂಜೆ ದೇವಸ್ಥಾನದ ಜಗಲಿಯಲ್ಲಿ ಪಂಚಾಂಗ ಓದಿಸಿ, ಈ ಸಂವತ್ಸರದಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ನಮ್ಮ ರಾಶಿಗೆ ಆಯವೆಷ್ಟು ವ್ಯಯವೆಷ್ಟು ಎಂದು ಕೇಳುವಂತೆಯೇ ಇಲ್ಲಿಯೂ ಒಂದು ಶ್ರವಣ ನಡೆಯುತ್ತದೆ. ಪುರೋಹಿತರ ಜಾಗದಲ್ಲಿ ಗಣಕಗಳಿವೆ. 2003ರಲ್ಲಿ ಬಂದ ಪೆಕೋಟಾದಂತಹ ಗಣಿತ ಮಾದರಿಗಳು ಪ್ರತಿ ಆಟಗಾರನ ವಯಸ್ಸು, ಹಿಂದಿನ ಸಾಧನೆ, ಅವನನ್ನು ಹೋಲುವ ಹಳಬರ ಚರಿತ್ರೆಗಳನ್ನೆಲ್ಲ ಅರೆದು, ಯಾವ ತಂಡ ಎಷ್ಟು ಪಂದ್ಯ ಗೆಲ್ಲುತ್ತದೆಂದು ಫೆಬ್ರುವರಿಯಲ್ಲೇ ಹೇಳಿಬಿಡುತ್ತವೆ.

ಕಂಪ್ಯೂಟರ್‌ನೊಂದಿಗೇ ಹೊಟ್ಟೆ ಹೊರೆಯುವ ನನಗೆ ಈ ಲೆಕ್ಕಗಳ ಮೇಲೆ ಅಸಡ್ಡೆ ಇಲ್ಲ. ಅವು ಪಂಚಾಂಗಕ್ಕಿಂತ ಹೆಚ್ಚು ನಿಜ ಹೇಳುತ್ತವೆ. ವಸಂತದ ಪಂದ್ಯಗಳಲ್ಲಿ ಅಬ್ಬರಿಸಿದವನು ಋತುವಿನಲ್ಲಿ ಮಲಗಿಬಿಡುವುದೂ, ಅಲ್ಲಿ ತಡವರಿಸಿದವನು ಇಲ್ಲಿ ಮಿಂಚುವುದೂ ಸಾಮಾನ್ಯವೆಂಬುದು ನನಗೆ ತಿಳಿದದ್ದೇ. ಆದರೆ ಪಂಚಾಂಗದಲ್ಲಿ ಮಳೆ ಕಡಿಮೆಯೆಂದು ಕೇಳಿದ ರೈತ ಮನೆಗೆ ಬಂದು ನೇಗಿಲನ್ನು ಅಟ್ಟಕ್ಕೆ ಏರಿಸುವುದಿಲ್ಲ. ಸಂಭವನೀಯತೆ ತಿಳಿಯುವುದು ಬೇರೆ, ಉಳುಮೆಗೆ ಇಳಿಯುವುದು ಬೇರೆ. ವಸಂತ ತಾಲೀಮಿನಲ್ಲಿ ಅಭಿಮಾನಿ ಮಾಡುವುದು ಉಳುಮೆಯ ಕೆಲಸ. ಹೊಸಬರ ಹೆಸರು ಕಲಿಯುತ್ತಾನೆ, ಹಳಬರ ಮೊಣಕೈ ನೋವು ವಿಚಾರಿಸಿಕೊಳ್ಳುತ್ತಾನೆ, ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸುತ್ತಾನೆ. ಮುಂದಿನ ಆರು ತಿಂಗಳ ಸಂಜೆಗಳಿಗೆ ಒಂದು ಆಕಾರ ಬರುತ್ತದೆ. ಕಪ್ಪಿನ ಮಾತು ಆಮೇಲೆ.

ಯಾರಿಗೆ ಲೆಕ್ಕ, ಯಾರಿಗಿಲ್ಲ

ವಸಂತದ ಪಂದ್ಯಗಳು ಲೆಕ್ಕಕ್ಕಿಲ್ಲ ಎಂಬ ಮಾತು ಎಲ್ಲರ ಪಾಲಿಗೂ ನಿಜವಲ್ಲ. ಶಿಬಿರ ಆರಂಭವಾದಾಗ ಅಲ್ಲಿ 60ಕ್ಕೂ ಹೆಚ್ಚು ಆಟಗಾರರಿರುತ್ತಾರೆ. ಋತುವಿನ ಮೊದಲ ದಿನ ತಂಡದಲ್ಲಿ ಉಳಿಯುವವರು 26 ಮಂದಿ. ಪಂದ್ಯದ ಐದಾರನೇ ಇನಿಂಗ್ಸ್ ಹೊತ್ತಿಗೆ ತಾರೆಯರು ಸ್ನಾನ ಮುಗಿಸಿ ಹೊರಟಿರುತ್ತಾರೆ. ಬೆನ್ನ ಮೇಲೆ 77, 85, 91 ಮುಂತಾದ ದೊಡ್ಡ ಸಂಖ್ಯೆ ಹೊತ್ತ, ಕೆಲವೊಮ್ಮೆ ಅಂಗಿಯ ಮೇಲೆ ಹೆಸರೂ ಇಲ್ಲದ ಹುಡುಗರು ಮೈದಾನಕ್ಕೆ ಇಳಿಯುತ್ತಾರೆ. ಸ್ಕೋರು ಬರೆಯುವವನಿಗೆ ಅದು ತಲೆನೋವು. ನೋಡುವ ಕಣ್ಣಿದ್ದರೆ ನಿಜವಾದ ಆಟ ಶುರುವಾಗುವುದೇ ಅಲ್ಲಿ. ಏಳನೇ ಇನಿಂಗ್ಸ್‌ನಲ್ಲಿ ಅರ್ಧ ಖಾಲಿಯಾದ ಗ್ಯಾಲರಿಯ ಮುಂದೆ ಚೆಂಡಿಗಾಗಿ ನೆಲಕ್ಕೆ ಹಾರಿದವನಿಗೆ ಆ ಒಂದು ಚೆಂಡು ಜೀವನದ ಪ್ರಶ್ನೆ. ಒಂದು ಬೆಳಿಗ್ಗೆ ಅವನನ್ನು ಮ್ಯಾನೇಜರ್ ಕೋಣೆಗೆ ಕರೆಯುತ್ತಾರೆ. ಸಂಜೆಯೊಳಗೆ ಅವನ ಕಪಾಟು ಖಾಲಿಯಾಗಿರುತ್ತದೆ.

26ನೆಯವನಿಗೂ 27ನೆಯವನಿಗೂ ನಡುವಿನ ಅಂತರವನ್ನು ಅಂಕಿಯಲ್ಲೇ ಹೇಳಬಹುದು. 2025ರಲ್ಲಿ ಪ್ರಥಮ ದರ್ಜೆಯ ಕನಿಷ್ಠ ವಾರ್ಷಿಕ ಸಂಬಳ 7.6 ಲಕ್ಷ ಡಾಲರ್ ಇತ್ತು. ಅದರ ಕೆಳಗಿನ ಹಂತದ ಕನಿಷ್ಠ ಸಂಬಳ 2023ಕ್ಕೆ ಮುಂಚೆ 17,500 ಡಾಲರ್ ಮಾತ್ರ. ಕೆಳಹಂತಗಳ ಆಟಗಾರರಿಗೆ ವಸಂತದ ಆರು ವಾರಗಳಿಗೆ ಭತ್ಯೆಯ ಹೊರತು ಸಂಬಳವೇ ಇರಲಿಲ್ಲ. ಅಭ್ಯಾಸವೆಂದರೆ ಕೆಲಸವಲ್ಲ ಎಂಬುದು ಮಾಲೀಕರ ವಾದವಾಗಿತ್ತು. ವರ್ಷಗಟ್ಟಲೆ ನಡೆದ ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. ಅದೇ ವರ್ಷ ಈ ಆಟಗಾರರು ಸಂಘಟಿತರಾದರು. 2023ರ ಮೊದಲ ಒಪ್ಪಂದದಲ್ಲಿ ಆ 17,500 ಡಾಲರ್ 35,800ಕ್ಕೆ ಏರಿತು. ತಾಲೀಮಿನ ದಿನಗಳಿಗೂ ಕೂಲಿ ಸಿಕ್ಕಿತು. ಬಿಸಿಲಲ್ಲಿ ಕೂತು ನಾವು ಅನುಭವಿಸುವ ನಿರೀಕ್ಷೆಯ ಸುಖಕ್ಕೆ ಅಷ್ಟು ವರ್ಷ ಬಿಟ್ಟಿಯಾಗಿ ಬೆವರು ಸುರಿಸಿದವರಿದ್ದರು ಎಂಬುದನ್ನು ಮರೆಯಲಾಗದು.

2009ರ ವಸಂತದಲ್ಲಿ ಫ್ಲಾರಿಡಾದ ಬ್ರಾಡೆಂಟನ್ ಶಿಬಿರದಲ್ಲಿ ಅಂತಹ ಇಬ್ಬರು ನಮ್ಮ ದೇಶದವರೇ ಆಗಿದ್ದರು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಭರ್ಜಿ ಎಸೆಯುತ್ತಿದ್ದ ಈ ಹುಡುಗರು ಟೀವಿ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ತಂಡದ ಕರಾರಿಗೆ ಸಹಿ ಹಾಕಿದ್ದರು. ಬೇಸ್‌ಬಾಲ್ ಗವಸು ಹಾಕಿ ಅವರಿಗೆ ವರ್ಷವೂ ಸರಿಯಾಗಿ ತುಂಬಿರಲಿಲ್ಲ. 2014ರಲ್ಲಿ ಅವರ ಕಥೆ ಹಾಲಿವುಡ್ ಸಿನಿಮಾ ಆಯಿತು. ಸಿನಿಮಾಕ್ಕೆ ಬೇಕಾದ ಮುಕ್ತಾಯ ಬದುಕಿನಲ್ಲಿ ಬರಲಿಲ್ಲ: ಇಬ್ಬರೂ ಪ್ರಥಮ ದರ್ಜೆಯನ್ನು ತಲುಪಲಿಲ್ಲ. ದಿನೇಶ್ 2010ರಲ್ಲಿ ಊರಿಗೆ ಮರಳಿದರು. ರಿಂಕು ಕೆಲವು ವರ್ಷ ಕೆಳಹಂತಗಳಲ್ಲಿ ಆಡಿ ಮುಂದೆ ಕುಸ್ತಿ ಪ್ರದರ್ಶನಗಳ ಕಡೆ ಹೊರಳಿದರು.

ಲೆಕ್ಕಕ್ಕಿಲ್ಲದ ಪಂದ್ಯವೊಂದು ಒಂದು ದೇಶದ ಲೆಕ್ಕವನ್ನೇ ತಿದ್ದಿದ್ದೂ ಉಂಟು. 1946ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್‌ನ ಕೆಳಹಂತದ ತಂಡದೊಂದಿಗೆ ಫ್ಲಾರಿಡಾಕ್ಕೆ ಬಂದರು. ಸ್ಯಾನ್‌ಫರ್ಡ್ ಎಂಬ ಊರಿನಿಂದ ಬೆದರಿಕೆಗಳ ಕಾರಣ ರಾತ್ರೋರಾತ್ರಿ ಹೊರಡಬೇಕಾಯಿತು. ಜ್ಯಾಕ್ಸನ್‌ವಿಲ್‌ನಲ್ಲಿ ಮೈದಾನದ ಬಾಗಿಲಿಗೇ ಬೀಗ ಜಡಿದರು. ಸಹ ಆಟಗಾರರಿದ್ದ ಹೋಟೆಲಿನಲ್ಲಿ ಅವರಿಗೆ ಕೋಣೆ ಇರಲಿಲ್ಲ. ಮಾರ್ಚ್ 17ರಂದು ಡೇಟೋನಾ ಬೀಚ್ ಊರು ಅವರನ್ನು ಆಡಗೊಟ್ಟಿತು. ಮರುವರ್ಷ ಏಪ್ರಿಲ್ 15ರಂದು ಅವರು ಬ್ರೂಕ್ಲಿನ್ ಪರ ಪ್ರಥಮ ದರ್ಜೆಯಲ್ಲಿ ಕಾಲಿಟ್ಟಿದ್ದು ಇತಿಹಾಸ. ಅದಕ್ಕೆ ಬಾಗಿಲು ತೆರೆದದ್ದು ಯಾವ ಅಂಕಪಟ್ಟಿಗೂ ಸೇರದ ಒಂದು ಅಭ್ಯಾಸ ಪಂದ್ಯ. ಆ ಮೈದಾನಕ್ಕೆ ಈಗ ರಾಬಿನ್‌ಸನ್ನರ ಹೆಸರಿದೆ.

ಬಾರದೆ ಹೋದ ವಸಂತಗಳು

ನನ್ನ ನೆರೆಯ ಹಿರಿಯರ ಬೇಸ್‌ಬಾಲ್ ನೆನಪು ಮ್ಯಾರಿನರ್ಸ್‌ಗಿಂತ ಹಳೆಯದು. 1969ರಲ್ಲಿ ಸಿಯಾಟಲ್‌ಗೆ ಪೈಲಟ್ಸ್ ಎಂಬ ತಂಡವೊಂದು ಬಂದಿತ್ತು. ಮೊದಲ ವರ್ಷ 98 ಪಂದ್ಯ ಸೋತಿತು. ಸೋತರೇನಂತೆ, ಮುಂದಿನ ವರ್ಷವಿದೆಯಲ್ಲ ಎಂದು ಜನ ಕಾದರು. 1970ರ ವಸಂತದಲ್ಲಿ ತಂಡ ಅರಿಜೋನಾದ ಟೆಂಪಿಯಲ್ಲಿ ಸಿಯಾಟಲ್ ಹೆಸರಿನಲ್ಲೇ ತಾಲೀಮು ನಡೆಸಿತು. ಮಾಲೀಕರ ಕೈ ಬರಿದಾಗಿತ್ತು, ವ್ಯವಹಾರ ನ್ಯಾಯಾಲಯದಲ್ಲಿತ್ತು. ಶಿಬಿರ ಮುಗಿದು ಸಾಮಾನು ಹೇರಿಕೊಂಡ ಲಾರಿ ಉತ್ತರಕ್ಕೆ ಹೊರಟು, ಯೂಟಾ ರಾಜ್ಯದಲ್ಲಿ ನಿಂತು ಅಪ್ಪಣೆಗಾಗಿ ಕಾಯಿತು: ಸಿಯಾಟಲ್‌ಗೋ, ಮಿಲ್ವಾಕಿಗೋ? ಮಾರ್ಚ್ 31ರಂದು ತಂಡ ದಿವಾಳಿಯೆಂದು ಘೋಷಣೆಯಾಯಿತು. ಲಾರಿ ಮಿಲ್ವಾಕಿಯ ದಾರಿ ಹಿಡಿಯಿತು. ಒಂದೇ ವಾರದಲ್ಲಿ ಅದೇ ಆಟಗಾರರು ಬೇರೊಂದು ಊರಿನ ಅಂಗಿ ತೊಟ್ಟು ಆಡಿದರು. ಸಿಯಾಟಲ್‌ಗೆ ಮತ್ತೆ ಬೇಸ್‌ಬಾಲ್ ಬಂದದ್ದು, ನ್ಯಾಯಾಲಯದ ಮೆಟ್ಟಿಲೇರಿದ ನಂತರ, 1977ರಲ್ಲಿ.

ಎಂಟು ಔಟ್‌ಗಳ ದೂರದಲ್ಲಿ ಎಡವಿದ 2025ಕ್ಕಿಂತ ಆ ಲಾರಿಯ ಕಥೆ ಹೇಳುವಾಗಲೇ ಹಿರಿಯರ ಸ್ವರ ಹೆಚ್ಚು ಕುಗ್ಗುತ್ತದೆ. ಅದನ್ನು ಗಮನಿಸಿದ ಮೇಲೆ ನನ್ನ ಪ್ರಶ್ನೆಗೆ ಉತ್ತರ ಹೊಳೆಯತೊಡಗಿತು. ಅಭಿಮಾನಿಗೆ ಸೋಲು ಅಷ್ಟು ದೊಡ್ಡ ನಷ್ಟವಲ್ಲ. ಸೋಲು ಆಟದ ಒಳಗಿನ ವಿಷಯ. 162ರಲ್ಲಿ 60 ಸೋತವರೂ ಶ್ರೇಷ್ಠರೆನಿಸುತ್ತಾರೆ, ಹತ್ತರಲ್ಲಿ ಏಳು ಸಲ ವಿಫಲನಾದ ಬ್ಯಾಟುಗಾರ ಕೀರ್ತಿಮಂದಿರಕ್ಕೆ ಹೋಗುತ್ತಾನೆ. ತಡೆಯಲಾಗದ ನಷ್ಟವೆಂದರೆ ವಸಂತವೇ ಬಾರದಿರುವುದು.

ಅದು ಬಾರದಂತೆ ಮಾಡುವವರು ಎದುರಾಳಿ ಆಟಗಾರರಲ್ಲ. 1994ರ ಆಗಸ್ಟ್‌ನಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಮುಷ್ಕರ ನಡೆದು ವರ್ಲ್ಡ್ ಸೀರೀಸ್ ರದ್ದಾಯಿತು. 1995ರ ವಸಂತದಲ್ಲಿ ಬದಲಿ ಆಟಗಾರರನ್ನು ಕರೆತಂದು ತಾಲೀಮಿನ ನಾಟಕವಾಡಿದರು. ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಸೋನಿಯಾ ಸೋಟೊಮೇಯರ್ ಅವರು ನೀಡಿದ ಆದೇಶದಿಂದಾಗಿ ಏಪ್ರಿಲ್ ಕೊನೆಗೆ ಋತು ಆರಂಭವಾಯಿತು. ಅದೇ ವರ್ಷ ಮ್ಯಾರಿನರ್ಸ್ ಹಿಂದಿನಿಂದ ಓಡಿಬಂದು ಯಾಂಕೀಸ್ ತಂಡವನ್ನು ಸೋಲಿಸಿದ್ದು, ಊರು ಬಿಡುವ ಅಂಚಿನಲ್ಲಿದ್ದ ತಂಡಕ್ಕೆ ಹೊಸ ಕ್ರೀಡಾಂಗಣ ಮಂಜೂರಾದದ್ದು. 2020ರ ಮಾರ್ಚ್ 12ರಂದು ಕೊರೊನಾ ಶಿಬಿರಗಳನ್ನು ಮುಚ್ಚಿಸಿತು. ಅದು ಮನುಷ್ಯರ ಕೈಮೀರಿದ್ದು. ಆದರೆ ಮರುವರ್ಷ ಡಿಸೆಂಬರ್‌ನಲ್ಲಿ ಮಾಲೀಕರು ಹಾಕಿದ ಬೀಗಮುದ್ರೆ 99 ದಿನ ನಡೆದು 2022ರ ವಸಂತದ ಒಂದು ಭಾಗವನ್ನು ತಿಂದುಹಾಕಿತು. ಆಗ ಆದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. 2027ರ ವಸಂತದ ಬಗ್ಗೆ ಅಭಿಮಾನಿಗಳು ಆತಂಕದಿಂದ ಮಾತಾಡಿಕೊಳ್ಳುವುದು ಈ ಕಾರಣಕ್ಕೆ. ಇನ್ನು ಓಕ್‌ಲ್ಯಾಂಡ್ ನಗರದ್ದು ಎಲ್ಲಕ್ಕಿಂತ ಕ್ರೂರ ಕಥೆ. 1968ರಿಂದ ಅಲ್ಲಿದ್ದು ನಾಲ್ಕು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ತಂಡ 2024ರ ಸೆಪ್ಟೆಂಬರ್ 26ರಂದು ತವರಿನ ಕೊನೆಯ ಪಂದ್ಯವಾಡಿ, ಲಾಸ್ ವೇಗಸ್‌ನ ಹೊಸ ಕ್ರೀಡಾಂಗಣದ ಆಸೆಗೆ ಊರು ಬಿಟ್ಟಿತು. ಆ ಊರಿನ ಅಭಿಮಾನಿಗೆ ಫೆಬ್ರುವರಿಯ ಆ ಪುಟ್ಟ ಸುದ್ದಿ ಇನ್ನು ಬೇರೆಯವರ ಮನೆಯ ಮದುವೆಯ ಕರೆಯೋಲೆ.

ದೀರ್ಘ ನಿರೀಕ್ಷೆಯ ಬೆಲೆ ಬೆಂಗಳೂರಿಗೆ ಹೊಸದಲ್ಲ. ಐಪಿಎಲ್‌ನ 18ನೇ ಋತುವಿನಲ್ಲಿ, 2025ರ ಜೂನ್ 3ರಂದು, ಆರ್‌ಸಿಬಿ ಮೊದಲ ಬಾರಿ ಕಪ್ ಗೆದ್ದಾಗ ಸಿಯಾಟಲ್‌ನ ಕನ್ನಡಿಗರ ಮನೆಗಳಲ್ಲೂ ಹೋಳಿಗೆ ಬೆಂದವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜೀವಗಳು ಹೋದವು. ಅಷ್ಟು ವರ್ಷ ಜನ ಕೂಡಿಟ್ಟ ಆಸೆ ಬೀದಿಗೆ ಬರುತ್ತದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ಜೋಪಾನವಾಗಿ ಬರಮಾಡಿಕೊಳ್ಳುವ ವ್ಯವಸ್ಥೆ ಮಾತ್ರ ಇರಲಿಲ್ಲ. ಆಟ ಬೇರೆ, ದೇಶ ಬೇರೆ. ಅಭಿಮಾನಿಯ ಆಸೆಯನ್ನು ಬಂಡವಾಳವಾಗಿ ಬಳಸುವವರು ಅದರ ಹೊಣೆಯನ್ನೂ ಹೊರಬೇಕೆಂಬ ನ್ಯಾಯ ಎರಡೂ ಕಡೆ ಒಂದೇ.

ವಸಂತ ತಾಲೀಮಿನ ಅರ್ಥವನ್ನು ನಾನು ಈಗ ಹೀಗೆ ತಿಳಿದಿದ್ದೇನೆ. ಗೆಲ್ಲಿಸುತ್ತೇನೆಂದು ಯಾವ ಆಟವೂ ಯಾರಿಗೂ ಮಾತು ಕೊಟ್ಟಿಲ್ಲ. ಅದು ಕೊಡಬಹುದಾದ ಮಾತು ಒಂದೇ: ನಾಳೆಯೂ ಆಟವಿದೆ. ಸಂಜೆ ಏಳಕ್ಕೆ ರೇಡಿಯೊ ಹಾಕಿದರೆ ಅದೇ ಹೆಸರುಗಳು, ಅದೇ ಮೈದಾನ. ಇವತ್ತು ಸೋತರೆ ನಾಳೆ, ನಾಳೆಯೂ ಸೋತರೆ ನಾಡಿದ್ದು. ಊರು ಬಿಟ್ಟು ಬಂದವನಿಗೆ, ವಯಸ್ಸಾದವನಿಗೆ, ಒಂಟಿಯಾದವನಿಗೆ ಈ ಮಾತಿನ ತೂಕ ಗೊತ್ತು. ಅದನ್ನು ಉಳಿಸಿಕೊಳ್ಳುವ ಜವಾಬ್ದಾರಿ ಮಾಲೀಕರದು, ಆಟಗಾರರ ಸಂಘದ್ದು, ಲೀಗನ್ನು ನಡೆಸುವವರದು. ನಂಬುವ ಕೆಲಸ ನಮ್ಮದು. ಅದನ್ನು ನಾವು ಪ್ರತಿ ಫೆಬ್ರುವರಿಯಲ್ಲೂ ಚಾಚೂ ತಪ್ಪದೆ ಮಾಡುತ್ತ ಬಂದಿದ್ದೇವೆ.